ಮಾಳಿಗೆಯ ಮೇಲಿನ ಮಣ್ಣು

ಮೊನ್ನೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಹಳೆಯ ಅಂಗಡಿ ಕಟ್ಟಡವೊಂದರ ಪರಿಶೀಲನೆಗೆ ಹೋಗಬೇಕಂತೆ, ಏನೇನು ಒಯ್ಯಬೇಕು ಎಂದು ಕೇಳಿದಳು. ಟೇಪು, ಟಾರ್ಚು, ಕುಡಿಯುವ ನೀರು ಎಂದೆ. ಅಷ್ಟೇನಾ ಮೇಡಂ ಎಂದಳು. ಅಷ್ಟೇ ಅಲ್ಲ ತಾಯಿ, ಆದರೆ ಉಳಿದದ್ದು ಫೋನಿನಲ್ಲಿ ಹೇಳುವಂಥದ್ದಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನನಗೆ ಸಿಟ್ಟು ಬೇಗ ಬರುತ್ತದೆ, ಇದನ್ನು ನನ್ನ ಜೊತೆ ದುಡಿದವರು ಯಾರೂ ಅಲ್ಲಗಳೆಯುವುದಿಲ್ಲ. ಬರವಣಿಗೆಯಲ್ಲೂ ಅದು ಅಲ್ಲಲ್ಲಿ ಇಣುಕಿದರೆ ಓದುವವರು ಸುಧಾರಿಸಿಕೊಳ್ಳಬೇಕು.

ನಾನು ಹಳ್ಳಿಖೇಡದವಳು. ಸಿವಿಲ್ ಡಿಪ್ಲೊಮಾ ಮಾಡಿ, ಊರೊಳಗಿನ ಕಟ್ಟಡಗಳ ಗಟ್ಟಿತನ ನೋಡಿ ವರದಿ ಕೊಡುವ ಕೆಲಸಕ್ಕೆ ಸೇರಿದೆ. ಮೊದಲು ಹುಮನಾಬಾದ್, ಆಮೇಲೆ ಬಸವಕಲ್ಯಾಣ. ಕಚೇರಿಯ ಹೆಸರು ಬೇಡ. ಯಾವಾಗ ಬಡ್ತಿ ಬಂತು, ಯಾರು ತಪ್ಪಿಸಿದರು ಎನ್ನುವ ಪುರಾಣವೂ ಬೇಡ, ಅದು ಎಲ್ಲರ ಮನೆಯಲ್ಲೂ ಇರುತ್ತದೆ.

ಹುಮನಾಬಾದಿನಲ್ಲಿ ನನ್ನ ಮೊದಲ ಮೇಲಧಿಕಾರಿ ವೆಂಕಟರಾವ್. ಹಳೇ ಕಾಲದ ಓವರ್ಸಿಯರ್, ಬಾಯಿ ಕಡಿಮೆ, ಬೀಡಿ ಜಾಸ್ತಿ. ಗಂಜ್ ಪೇಟೆಯ ಒಂದು ಅಂಗಡಿಗೆ ನಾನು ಮೊದಲ ಸಲ ಒಬ್ಬಳೇ ಹೋದಾಗ ಮಾಲೀಕ ನನ್ನ ಹಿಂದೆ ಮುಂದೆ ನೋಡಿ, "ಸಾಹೇಬ್ರು ಬರ್ಲಿಲ್ಲೇನ್ರಿ?" ಎಂದು ಕೇಳಿದ್ದ. "ನಾನೇ ಸಾಹೇಬ. ಏಣಿ ತರ್ರಿ" ಎಂದೆ. ಸೀರೆಯ ನೆರಿಗೆ ಎತ್ತಿ ಕಟ್ಟಿ ಅಟ್ಟ ಹತ್ತಿದ್ದನ್ನು ನೋಡಲು ಅರ್ಧ ಗಂಜ್ ಸೇರಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅವರಿಗೂ ಬೇಸರ ಬಂತು, ನೋಡುವುದನ್ನು ಬಿಟ್ಟರು.

ಅದೇ ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಮಗಳ ಮದುವೆಗೆಂದು ತನ್ನ ಹಳೆಯ ಅಂಗಡಿಯನ್ನು ಸಿಂಗರಿಸಿದ. ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ, ಮೇಲೆ ಸುಣ್ಣದ ಗಚ್ಚು. ಆ ಗಚ್ಚನ್ನು ಕೆತ್ತಿ ಹಾಕಿ ಸಿಮೆಂಟ್ ಬಳಿಸಿ, ಅದರ ಮೇಲೆ ಹಸಿರು ಆಯಿಲ್ ಪೇಂಟ್ ಹೊಡೆಸಿದ. ಫಳಫಳ ಹೊಳೆಯುತ್ತಿತ್ತು. ವೆಂಕಟರಾವ್ ಆ ಗೋಡೆಯನ್ನು ಕೀಲಿಕೈಯಿಂದ ಬಡಿದು, ಕಿವಿಗೊಟ್ಟು ಕೇಳಿ, ಕೀಲಿಕೈಯನ್ನು ಜೇಬಿಗಿಟ್ಟು ಹೊರಬಂದರು. ಮರುವರ್ಷದ ಮಳೆಗೆ ಗೋಡೆಯ ಒಳಗೆ ಸೇರಿದ ನೀರಿಗೆ ಹೊರಬರಲು ದಾರಿಯಿರಲಿಲ್ಲ. ಹೊಟ್ಟೆ ಉಬ್ಬಿ, ಒಂದು ಮಧ್ಯಾಹ್ನ ಗೋಡೆಯ ಅರ್ಧ ಭಾಗ ಸೀರೆಗಳ ಮೇಲೆ ಬಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಯಾಕೆ ಮೊದಲೇ ಹೇಳಲಿಲ್ಲ ಸರ್ ಎಂದು ನಾನು ಜಗಳಕ್ಕೇ ಹೋದೆ. "ಹೇಳೀನವ್ವಾ, ಅಂವಾ ಕೇಳಬೇಕಲ್ಲ. ಮದುವಿ ಗದ್ದಲದಾಗ ನನ್ನ ಮಾತು ಯಾರಿಗೆ ಬೇಕು?" ಎಂದರು. ಬೀಡಿ ಹಚ್ಚಿಕೊಂಡು, "ಹಳೇ ಕಟ್ಟಡ ಕೆಡೋದು ಮಾಲೀಕ ಕೈಬಿಟ್ಟಾಗ ಅಲ್ಲ, ಭಾಳ ಪ್ರೀತಿ ಮಾಡಿದಾಗ" ಎಂದು ಸೇರಿಸಿದರು. ಆಗ ನನಗದು ಮುದುಕರ ಮಾತು ಅನ್ನಿಸಿತ್ತು.

ನಮ್ಮ ಕಾಲದಲ್ಲಿ ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯಲು ಅದರ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಅಂಟಿಸುತ್ತಿದ್ದೆವು. ಗೋಡೆ ಅಲುಗಿದರೆ ಗಾಜು ಚಟ್ಟೆಂದು ಒಡೆಯುತ್ತದೆ. ಈಗ ಅಳೆಯುವ ಯಂತ್ರ ಬಂದಿದೆ, ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸಿದರೆ ಮೇಲಿನವರು ಕೂತಲ್ಲೇ ನೋಡುತ್ತಾರೆ. ಒಳ್ಳೆಯದೇ. ನಾನೇನೂ ಹೊಸದನ್ನು ಕಂಡು ಮೂಗು ಮುರಿಯುವವಳಲ್ಲ. ಆದರೆ ಚಿತ್ರ ಬರುವುದು ನೀವು ಕ್ಯಾಮೆರಾ ಹಿಡಿದ ಕಡೆಯದು ಮಾತ್ರ. ಹಿಡಿಯದ ಕಡೆ ಏನಿತ್ತು ಎನ್ನುವುದೇ ನಾನು ಹೇಳಬೇಕೆಂದಿರುವ ಕಥೆ.

ಬಸವಕಲ್ಯಾಣಕ್ಕೆ ನಮ್ಮ ಕಡೆಯವರು ಬರೀ ಕಲ್ಯಾಣ ಎನ್ನುತ್ತಾರೆ. ಅಲ್ಲಿ ಕೋಟೆಯ ಕಡೆ ಹೋಗುವ ದಾರಿಯ ಹಳೇ ಚೌಕದಲ್ಲಿ ಒಂದು ಜೋಡಿ ಅಂಗಡಿ ಇದೆ. ಎದುರಿಗೆ ಕರಿಕಲ್ಲಿನ ಎರಡು ಕಮಾನು. ಅದರ ಮುಂದೆ ತೇಗದ ಕಂಬಗಳು, ಕಂಬದ ತಲೆಗೆ ಕೆತ್ತನೆಯ ಬೋದಿಗೆ. ಕಟ್ಟೆ ಎಷ್ಟು ಎತ್ತರವೆಂದರೆ, ಹಿಂದೆ ಎತ್ತಿನ ಗಾಡಿ ಬಂದು ನಿಂತರೆ ಗಾಡಿಯ ಹಲಗೆಯಿಂದ ಚೀಲ ನೇರ ಅಂಗಡಿಯೊಳಗೆ ಜಾರಬೇಕು, ಹೊರುವವರ ಬೆನ್ನು ಬಗ್ಗಬಾರದು, ಆ ಲೆಕ್ಕ. ಶಟರ್ ಇಲ್ಲ. ಒಂದರ ಪಕ್ಕ ಒಂದು ಜಾರಿಸಿ ನಿಲ್ಲಿಸುವ ಹಲಗೆಗಳು. ಒಳಗೆ ಅಟ್ಟ, ಅಟ್ಟದ ಮೇಲೆ ಬೆಳಕಿಂಡಿ, ಎಲ್ಲದರ ಮೇಲೆ ಮಣ್ಣಿನ ಮಾಳಿಗೆ, ಅಂದರೆ ತೊಲೆಗಳ ಮೇಲೆ ಮಣ್ಣು ಹಾಸಿದ ಸಪಾಟು ಚಾವಣಿ. ಬೇಸಿಗೆಯಲ್ಲಿ ಚೌಕವೆಲ್ಲ ಕಾದ ಹೆಂಚಿನಂತಿದ್ದರೂ ಆ ಅಂಗಡಿಯೊಳಗೆ ಕಾಲಿಟ್ಟರೆ ತಂಪು. ಎರಡೂ ಅಂಗಡಿಗೆ ನಡುವೆ ಒಂದೇ ಗೋಡೆ, ಎರಡೂ ಕಡೆಯ ತೊಲೆಗಳು ಅದರ ಮೇಲೇ ಕೂತಿವೆ. ಮಾಳಿಗೆಯೂ ಒಂದೇ.

ಎಡಗಡೆಯದು ಗಫಾರ ಸಾಬರ ಅಂಗಡಿ. ಹಗ್ಗ, ಜರಡಿ, ಕುಡುಗೋಲು, ಗುದ್ದಲಿಯ ಕಾವು, ದನದ ಗಂಟೆ. ಮುಡಬಿಯಿಂದ ರೈತರು ಬಂದರೆ ಮೊದಲು ಅಲ್ಲಿಗೇ. ಬಲಗಡೆಯದು ನೀಲಮ್ಮನ ಕಿರಾಣಿ. ಗಂಡ ತೀರಿಕೊಂಡ ಮೇಲೆ ಆಕೆಯೇ ತಕ್ಕಡಿ ಹಿಡಿದು ಕೂತವಳು, ಬಾಯಿ ಚುರುಕು. ಎರಡೂ ಮನೆತನಗಳು ಅಜ್ಜಂದಿರ ಕಾಲದಿಂದ ಅಲ್ಲೇ ವ್ಯಾಪಾರ ಮಾಡಿಕೊಂಡು ಬಂದಿದ್ದವು.

ನಡುವಿನ ಗೋಡೆಯಲ್ಲಿ ಬಿರುಕು ಬಿಟ್ಟಿದೆ ಎಂದು ಯಾರೋ ದೂರು ಕೊಟ್ಟರು. ಹೋಗಿ ನೋಡಿದೆ. ತೊಲೆ ಕೂತ ಜಾಗದಿಂದ ಕೆಳಗೆ ಬಿರುಕು ಓಡಿತ್ತು, ಗೋಡೆಗೆ ಸ್ವಲ್ಪ ಹೊಟ್ಟೆ ಬಂದಿತ್ತು, ತೊಲೆಗಳು ನಡುವೆ ಬಾಗಿದ್ದವು. ಗಾಜು ಅಂಟಿಸಿ ಬಂದೆ. ವಾರ ಕಳೆಯುವುದರೊಳಗೆ ಒಡೆದಿತ್ತು. ನಮ್ಮ ದೊಡ್ಡ ಸಾಹೇಬರಿಗೆ ತಿಳಿಸಿದೆ. ಅವರು ಕೆಟ್ಟವರಲ್ಲ, ಹೆದರಿದವರು.

"ಸಂತೆ ದಿನ ಬಿದ್ದರೆ ಎಷ್ಟು ಜನ ಸಾಯ್ತಾರೆ ಯೋಚನೆ ಮಾಡ್ರಿ. ಮುಂಗಾರು ಶುರುವಾಗಿ ಮಿರಗದ ಮಳೆ ಬರೋದರೊಳಗೆ ಕೆಡವಿಸೋಣ. ನೀವು ಅಪಾಯಕಾರಿ ಅಂತ ವರದಿ ಕೊಡ್ರಿ, ಉಳಿದದ್ದು ನಾನು ನೋಡ್ಕೋತೀನಿ" ಎಂದರು.

ಕೆಡವಿದರೆ ಏನಾಗುತ್ತದೆ ಎಂಬುದು ಚೌಕದಲ್ಲಿ ಎಲ್ಲರಿಗೂ ಗೊತ್ತಿತ್ತು. ಹಳೆಯದು ನಿಂತಿರುವವರೆಗೆ ನಿಂತ ಜಾಗ ಅವರದು. ಕೆಡವಿ ಹೊಸದು ಕಟ್ಟುವುದಾದರೆ ರಸ್ತೆಯಿಂದ ಹಿಂದೆ ಸರಿಯಬೇಕು, ನಿಯಮ ಹಾಗಿದೆ. ಸರಿಯಲು ಜಾಗವೆಲ್ಲಿದೆ? ಹಿಂದೆಯೇ ಓಣಿ. ಬಿಡಬೇಕಾದ ಜಾಗ ಬಿಟ್ಟರೆ ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟೂ ಉಳಿಯುತ್ತಿರಲಿಲ್ಲ. ನನ್ನ ಒಂದು ವರದಿಗೆ ಎರಡು ಅಂಗಡಿಗಳು ಈ ಭೂಮಿಯ ಮೇಲಿಂದಲೇ ಅಳಿಸಿಹೋಗುವುದಿತ್ತು. ನೀಲಮ್ಮ ನನಗೆ ಚಹಾ ಕೊಟ್ಟು ಕೇಳಿಯೇಬಿಟ್ಟಳು, "ತಂಗೀ, ನೀ ಬಂದಿದ್ದು ಉಳಸಾಕೋ, ಕೆಡವಾಕೋ?" ನನಗೇ ಗೊತ್ತಿರಲಿಲ್ಲ.

ಕಾರಣ ತಿಳಿಯದೆ ವರದಿ ಬರೆಯುವುದಿಲ್ಲ ಎಂದು ಸಾಹೇಬರಿಗೆ ಹೇಳಿ ಸ್ವಲ್ಪ ಕಾಲ ಕೇಳಿಕೊಂಡೆ. ಗೋಡೆಯ ಬುಡ ಅಗೆಸಿದೆ, ಪಾಯ ಬಂಡೆಯ ಮೇಲೆ ಕೂತಿತ್ತು, ಹುಲ್ಲುಕಡ್ಡಿಯಷ್ಟೂ ಕದಲಿರಲಿಲ್ಲ. ಎಲ್ಲಿಂದಾದರೂ ನೀರು ಸೋರಿದೆಯೇ ನೋಡಿದೆ, ಇಲ್ಲ. ತೊಲೆಗೆ ಗೆದ್ದಲು ಹಿಡಿದಿದೆಯೇ ಎಂದು ಚುಚ್ಚಿ ನೋಡಿದೆ. ತೇಗ ಕಬ್ಬಿಣದಂತಿತ್ತು. ಇಷ್ಟು ಗಟ್ಟಿಮುಟ್ಟಾದ ಕಟ್ಟಡ ಯಾಕೆ ಬಿರಿಯುತ್ತಿದೆ? ಉಳಿದದ್ದು ಮಾಳಿಗೆ ಒಂದೇ.

"ಮಾಳಿಗಿ ನೋಡಬೇಕ್ರಿ" ಎಂದೆ ಗಫಾರ ಸಾಬರಿಗೆ.

"ಮ್ಯಾಲೆ ಏನೈತ್ರಿ ಮೇಡಂ, ಬರೇ ಮಣ್ಣು. ಏಣಿ ಮುರದದ" ಎಂದರು.

ಮರುದಿನ ಏಣಿ ತಂದಿಟ್ಟುಕೊಂಡೇ ಹೋದೆ. ಬಿಸಿಲು ಭಾಳ ಅದ ಎಂದರು. ಅದರ ಮರುದಿನ ನಮಾಜಿಗೆ ಹೊತ್ತಾಯಿತು ಎಂದು ಎದ್ದುಹೋದರು. ಎಂದೂ ಯಾರಿಗೂ ಎದುರುತ್ತರ ಕೊಡದ ಮನುಷ್ಯ, ಗಿರಾಕಿ ಹಗ್ಗವನ್ನು ಹತ್ತು ಸಲ ಎಳೆದು ನೋಡಿದರೂ ನಗುತ್ತಲೇ ಇರುತ್ತಿದ್ದರು. ಈಗ ನನ್ನ ಮುಖ ನೋಡದೆ ಮಾತಾಡುತ್ತಿದ್ದರು. ನನಗೆ ತಲೆ ಕೆಟ್ಟುಹೋಯಿತು. ಇವರ ಅಂಗಡಿ ಉಳಿಸಲು ನಾನು ಒದ್ದಾಡುವುದು, ಇವರು ನೆಪ ಹೇಳುವುದು! ಹಿಂದಿನ ಓಣಿಗೆ ಹೋಗಿ, ಅವತ್ತೇ ಕಣ್ಣಿಗೆ ಬಿದ್ದ ನೀಲಮ್ಮನ ಕಡೆಯ ಕಲ್ಲಿನ ಮೆಟ್ಟಿಲು ಹತ್ತಿಬಿಟ್ಟೆ. ನೀಲಮ್ಮ ಏದುಸಿರು ಬಿಡುತ್ತ ಹಿಂದೆ ಬಂದಳು.

ಮೇಲೆ ನಿಂತು ಸುತ್ತ ನೋಡಿದೆ. ಮೊದಲು ಏನೂ ತಿಳಿಯಲಿಲ್ಲ. ಹಸನಾಗಿ ಸಾರಿಸಿದ ಮಾಳಿಗೆ, ಸುತ್ತ ಗಿಡ್ಡ ಕುಂಬಿ. ಆ ಕುಂಬಿ ಮೊಣಕಾಲಿಗೂ ಬರುತ್ತಿರಲಿಲ್ಲ. ಕುಂಬಿ ಕಟ್ಟುವುದು ಜನ ಕೆಳಗೆ ಬೀಳದಿರಲಿ ಎಂದು, ಇಷ್ಟು ಗಿಡ್ಡ ಕಟ್ಟುತ್ತಾರೆಯೇ? ಬಗ್ಗಿ ನೋಡಿದರೆ ಕುಂಬಿಯ ಉದ್ದಕ್ಕೂ ಸಾಲಾಗಿ ಪುಟ್ಟ ಪುಟ್ಟ ಕಮಾನುಗಳ ತಲೆ ಮಾತ್ರ ಕಾಣುತ್ತಿತ್ತು, ಮೈ ಇರಲಿಲ್ಲ. ಕಮಾನಿನ ಮೈ ಮಣ್ಣಿನೊಳಗೆ ಹೂತಿತ್ತು. ಕುಂಬಿ ಗಿಡ್ಡವಲ್ಲ, ಮಾಳಿಗೆ ಮೇಲೆ ಎದ್ದಿದೆ! ಕೈಯಲ್ಲಿದ್ದ ಸರಳನ್ನು ಬೆಳಕಿಂಡಿಯ ಪಕ್ಕ ಮಣ್ಣಿಗೆ ಒತ್ತಿದೆ. ಇಳಿಯಿತು, ಇನ್ನೂ ಇಳಿಯಿತು, ನನ್ನ ಮುಂಗೈ ನೆಲಕ್ಕೆ ತಾಗಿತು. ಆ ತೊಲೆಗಳು ಇಷ್ಟು ವರ್ಷ ಇದನ್ನೆಲ್ಲ ಹೊತ್ತು ನಿಂತಿದ್ದವು.

"ನೀಲಮ್ಮಾ, ಹಳೇ ಮಣ್ಣು ತೆಗೀತೀರೋ ಇಲ್ಲೋ?" ಎಂದು ಕೇಳಿದೆ.

"ಅಯ್ಯ, ತೆಗಿಯೂದ್ಯಾಕ? ಹಿರಿಯಾರು ಹಾಕಿದ್ದು. ಪ್ರತಿ ವರ್ಷ ಮಿರಗಕ್ಕ ಮದ್ಲ ಎರಡೂ ಮನಿಯವ್ರು ಕೂಡಿ ಸವಳ ಮಣ್ಣು ತಂದು ಹಾಕ್ತೀವಿ. ನಮ್ಮತ್ತಿ ಕಾಲದಾಗ ನಾ ಮುಂದ ನೀ ಮುಂದ ಅಂತ ಪೈಪೋಟಿ ಇತ್ತು. ಅವ್ರು ಒಂದು ಬುಟ್ಟಿ ಹೆಚ್ಚು ತಂದ್ರ ನಾವೂ ಒಂದು ಬುಟ್ಟಿ ಹೆಚ್ಚು."

ಹೊಸದಾಗಿ ಕೆಲಸಕ್ಕೆ ಬಂದವರು ಇದನ್ನು ಗಮನಿಸಬೇಕು. ಮಣ್ಣಿನ ಮಾಳಿಗೆಗೆ ವರ್ಷ ವರ್ಷ ಮಣ್ಣು ಬೇಕು ನಿಜ. ಆದರೆ ಮೇಲಿನ ಸವೆದ ಪದರ ಕೆರೆದು ತೆಗೆದು ಹೊಸದು ಹಾಕಬೇಕು. ಈ ಎರಡು ಮನೆಗಳಲ್ಲಿ ಒಬ್ಬರ ಹಿರಿಯರು ಹಾಕಿದ್ದನ್ನು ಇನ್ನೊಬ್ಬರು ಹೇಗೆ ತೆಗೆಯುವುದು ಎಂಬ ಮರ್ಯಾದೆಗೆ ಯಾರೂ ಒಂದು ಹಿಡಿಯನ್ನೂ ಕೆಳಗೆ ಇಳಿಸಿರಲಿಲ್ಲ. ಜಗಳವಾಡುವ ನೆರೆಹೊರೆಯವರ ಕಟ್ಟಡಕ್ಕೆ ಈ ಕಾಯಿಲೆ ಬರುವುದಿಲ್ಲ. ಬೀಡಿ ಸೇದುತ್ತ ವೆಂಕಟರಾವ್ ಹೇಳಿದ್ದು ಮುದುಕರ ಮಾತಾಗಿರಲಿಲ್ಲ ಎಂದು ಅವತ್ತು ಗೊತ್ತಾಯಿತು.

ನಾನು ಸರಳನ್ನು ಇನ್ನೊಂದು ಕಡೆ ಊರಲು ಎಡಗಡೆಯ ಕುಂಬಿಯ ಹತ್ತಿರ ಹೋದೆ. ಆಗಲೇ ಹಿಂದಿನಿಂದ ದನಿ ಬಂತು.

"ಚಪ್ಪಲಿ ತಗೀರಿ ಮೇಡಂ."

ಗಫಾರ ಸಾಬರು ಮೆಟ್ಟಿಲ ತುದಿಯಲ್ಲಿ ಬರಿಗಾಲಲ್ಲಿ ನಿಂತಿದ್ದರು. ಮುಖ ಬಿಳಿಚಿತ್ತು. ನಾನು ಕಾಲ ಕೆಳಗೆ ನೋಡಿದೆ. ಕುಂಬಿಯ ನೆರಳಿನಲ್ಲಿ, ಮಳೆ ಬಿಸಿಲು ಹೆಚ್ಚು ತಾಗದ ಮೂಲೆಯಲ್ಲಿ, ಸಾರಿಸಿದ ಕೈಬೆರಳುಗಳ ಗುರುತು ಹಾಗೇ ಒಣಗಿ ನಿಂತಿತ್ತು. ಅರ್ಧ ಚಂದ್ರನ ಹಾಗೆ ಒಂದರ ಪಕ್ಕ ಒಂದು.

"ಮಹಬೂಬಿ ಕೈ" ಎಂದಳು ನೀಲಮ್ಮ ಮೆಲ್ಲಗೆ. ಮಹಬೂಬಿ ಗಫಾರ ಸಾಬರ ಹೆಂಡತಿ. ಮಣ್ಣು ಹಾಕಿದ ಮೇಲೆ ಅದನ್ನು ಸಾರಿಸುವುದು ಈ ಇಬ್ಬರು ಹೆಂಗಸರ ಕೆಲಸವಾಗಿತ್ತು, ಇತ್ತ ನೀಲಮ್ಮ, ಅತ್ತ ಮಹಬೂಬಿ, ಮಾತಾಡುತ್ತ ಮಾತಾಡುತ್ತ ನಡುವೆ ಬಂದು ಸೇರುತ್ತಿದ್ದರಂತೆ. ಹಿಂದಿನ ಮಿರಗಕ್ಕೆ ಸಾರಿಸಿ ಇಳಿದಿದ್ದೇ ಕೊನೆ. ಶ್ರಾವಣ ಕಳೆಯುವುದರೊಳಗೆ ಜ್ವರ ಬಂದು ತೀರಿಹೋಗಿದ್ದಳು.

ನಾನು ಚಪ್ಪಲಿ ತೆಗೆದು ಕೈಯಲ್ಲಿ ಹಿಡಿದೆ. ಇಂಥ ಹೊತ್ತಿನಲ್ಲೂ ನನಗೆ ಬರುವುದು ಸಿಟ್ಟೇ.

"ಈ ಮಣ್ಣೇ ನಿಮ್ಮ ಗೋಡೆ ಒಡಿಯಾಕತ್ತದ ರೀ. ಇದನ್ನ ಇಳಿಸದಿದ್ದರ ಅಂಗಡಿ ಹೋಗ್ತದ. ಮಣ್ಣು ಇಟ್ಕೊಂಡು ಅಂಗಡಿ ಕಳ್ಕೋತೀರೇನು?"

"ಹೋಗ್ಲಿ ಬಿಡ್ರಿ ಅಂಗಡಿ" ಎಂದರು ಅವರು. ದನಿ ಏರಿಸಲಿಲ್ಲ. "ಆಕಿ ಬಟ್ಟೆ ಬರಿ ಎಲ್ಲಾ ಬಡವರಿಗೆ ಖೈರಾತ ಮಾಡ್ಬಿಟ್ಟೆ. ಒಂದು ಫೋಟೋ ಸುದ್ದಾ ತಗಸಿದಾಕಿ ಅಲ್ಲ. ನನ್ನ ಹಂತ್ಯಾಕ ಉಳದಿದ್ದು ಇಷ್ಟೇ. ದಿನಾ ಮುಂಜಾನೆ ಬಂದು ಇಲ್ಲಿ ಕುಂದರ್ತೀನಿ. ಅಮ್ಯಾಲೆ ದುಕಾನ ತಗೀತೀನಿ. ಇದನ್ನ ಸಲಿಕಿಲೆ ಎತ್ತಿ ಕಸಕ್ಕ ಒಗಿಯಂತ ಹ್ಯಾಂಗ ಹೇಳಲಿ ನಾ?"

ನನ್ನ ಸಿಟ್ಟು ಇಳಿದುಹೋಯಿತು. ಅಳು ಬಂತು, ಅದನ್ನು ಮರೆಮಾಚಲು ಸರಳಿಗೆ ಅಂಟಿದ ಮಣ್ಣು ಒರೆಸುತ್ತ ನಿಂತೆ. ಎಂಜಿನಿಯರಿಂಗ್ ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ಅವರು ಒಪ್ಪದಿದ್ದರೆ ನಾನು ಅಪಾಯಕಾರಿ ಎಂದು ಬರೆಯಲೇಬೇಕಿತ್ತು. ಕೆಳಗೆ ಚೌಕದಲ್ಲಿ ತರಕಾರಿಯವರು, ಆಟೋದವರು, ಬಸ್ಸಿಗೆ ಕಾಯುವ ಹೆಂಗಸರು ಮಕ್ಕಳು ಓಡಾಡುತ್ತಿದ್ದರು. ಅವರ ಜೀವಕ್ಕೂ ನಾನೇ ಹೊಣೆ.

ನೀಲಮ್ಮ ಕುಂಬಿಯ ಮೇಲೆ ಕೂತಳು. "ಭಾಯಿ, ಮಾಳಿಗಿ ಒಂದೇ ಅದ. ನಿಂದು ಹೋದ್ರ ನಂದೂ ಹೋಗ್ತದ" ಎಂದಳು. ಗಫಾರ ಸಾಬರು ತಲೆ ತಗ್ಗಿಸಿದರು. ಆಕೆ ಮತ್ತೆ ಹೇಳಿದಳು, "ಕಸಕ್ಕ ಯಾಕ ಒಗಿಯೂದು? ಹ್ವಾದ ವರ್ಷದ ಮಳಿಗೆ ಆಕಿ ಕಬರ್ ಕುಸದದ ಅಂತ ನೀನೇ ಅಂದಿಯಲ್ಲ. ಮಣ್ಣು ಹಾಕಿಸಬೇಕಂದಿ. ಯಾವ್ದೋ ಹೊಲದ ಮಣ್ಣು ಯಾಕ ಬೇಕು? ಆಕಿ ಕೈ ತಾಗಿದ್ದು ಆಕಿಗೇ ಹಾಕು."

ಗಫಾರ ಸಾಬರು ಅಲ್ಲೇ ಕುಸಿದು ಕೂತು, ಆ ಬೆರಳಿನ ಗುರುತಿನ ಮೇಲೆ ಅಂಗೈ ಇಟ್ಟು, ಭುಜ ಅದುರುವಂತೆ ಅತ್ತರು. ಆಮೇಲೆ ಅವರೇ ಎದ್ದು ಕೆಳಗಿನಿಂದ ಒಂದು ಹೊಸ ಬುಟ್ಟಿ ತಂದರು. ಸಲಿಕೆ ತರಲಿಲ್ಲ. ಆ ಮೂಲೆಯನ್ನು ಕೈಯಿಂದಲೇ ಬಿಡಿಸಿ ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ಚೌಕದ ನಡುವಿನಿಂದ ಕಬರಸ್ತಾನಕ್ಕೆ ನಡೆದೇ ಹೋದರು.

ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಬಂದು ಸರಳು ಊರಿ ತಾವೇ ನೋಡಿದರು. "ಮಿರಗದವರೆಗೆ ಸಮಯ. ಅಷ್ಟರೊಳಗೆ ಗಾಜು ಮತ್ತೆ ಒಡೆದರೆ ನನ್ನನ್ನು ಕೇಳಬೇಡ್ರಿ" ಎಂದರು. ತೊಲೆಗಳಿಗೆ ಕೆಳಗಿನಿಂದ ಆಸರೆ ಕೊಟ್ಟು ಮಣ್ಣು ಇಳಿಸಲು ಶುರು ಮಾಡಿದೆವು. ಒಂದು ಕಡೆಯನ್ನೇ ಖಾಲಿ ಮಾಡಿದರೆ ನಡುವಿನ ಗೋಡೆಯನ್ನು ಇನ್ನೊಂದು ಕಡೆಯ ಭಾರ ತಳ್ಳುತ್ತದೆ. ಹಾಗಾಗಿ ಎಡದಿಂದ ಒಂದು ಬುಟ್ಟಿ ಇಳಿದರೆ ಬಲದಿಂದಲೂ ಒಂದು ಬುಟ್ಟಿ ಇಳಿಯಬೇಕು. ಎರಡೂ ಮನೆಯವರು ಎದುರುಬದುರು ನಿಂತರು. ಯಾರಾದರೂ ಒಂದು ಬುಟ್ಟಿ ಮುಂದೆ ಹೋದರೆ ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಮನ್ನಾಏಖೇಳ್ಳಿಯ ಒಬ್ಬ ಟ್ರ್ಯಾಕ್ಟರಿನವನು ಮಣ್ಣು ಸಾಗಿಸಿದ. ಸ್ವಲ್ಪ ಕಬರಸ್ತಾನಕ್ಕೆ, ಉಳಿದದ್ದು ಎರಡೂ ಮನೆಯವರ ಹೊಲಗಳಿಗೆ ಹೋಯಿತು. ಕುಂಬಿಯ ಕಮಾನುಗಳು ದಿನದಿನಕ್ಕೆ ಮೇಲೆದ್ದವು. ಪೂರ್ತಿ ಕಂಡಾಗ ಅವುಗಳ ನಡುವೆ ಗಚ್ಚಿನಲ್ಲಿ ತಿದ್ದಿದ ಹೂಬಳ್ಳಿ ಇತ್ತು. ನೀಲಮ್ಮನ ಅತ್ತೆಯೂ ಅದನ್ನು ನೋಡಿರಲಾರಳು.

ಮಣ್ಣು ಇನ್ನೇನು ಮುಗಿಯುತ್ತದೆ ಎನ್ನುವಾಗ ನೀಲಮ್ಮ ಮೇಲೆ ಬಂದಳು. ಬುಟ್ಟಿ ತುಂಬುವವರನ್ನು ನೋಡುತ್ತ ನಿಂತು, ಬೆಲ್ಲದ ಧಾರಣೆ ಹೇಳುವಷ್ಟೇ ಸಹಜವಾಗಿ, "ಭಾಯಿ, ನಂಗೂ ಸ್ವಲ್ಪ ತಗದಿಡು. ನಮ್ಮ ಮಂದೀನೂ ಸುಡೂದಿಲ್ಲ, ಮಣ್ಣಿಗೇ ಇಡ್ತಾರ. ನಾ ಹ್ವಾದ ದಿನಾ ಇದನ್ನ ಹಾಕ್ರಿ" ಎಂದಳು. ಗಫಾರ ಸಾಬರು ಅವಳ ಮುಖ ನೋಡಿ, ಕೆಲಸ ನಿಲ್ಲಿಸಿ, ಇಬ್ಬರು ಹೆಂಗಸರು ಸಾರಿಸುತ್ತ ಬಂದು ಸೇರುತ್ತಿದ್ದ ನಡುವಿನ ಜಾಗದಿಂದ ಎರಡು ಚೀಲ ತುಂಬಿಸಿದರು. ಚೀಲದ ಬಾಯಿ ತಾವೇ ಹೊಲಿದರು.

ಹೊಸ ಗಾಜು ಒಡೆಯಲಿಲ್ಲ. ಮಿರಗ ಬಂತು, ಹೋಯಿತು, ಇನ್ನೂ ಎಷ್ಟೋ ಮಳೆಗಾಲ ಹೋದವು. ಮಣ್ಣಿಗೆ ಸುಣ್ಣ, ಇಟ್ಟಿಗೆ ಚೂರು ಸೇರಿಸಿ ತೆಳುವಾಗಿ ಹೊಸ ಮಾಳಿಗೆ ಹಾಕಿಸಿದೆವು. ವರ್ಷಕ್ಕೊಮ್ಮೆ ಹಳೆಯದನ್ನು ಕೆರೆದು ತೆಗೆದು ಹೊಸದು ಹಾಕುವುದನ್ನು ಎರಡೂ ಮನೆಯವರಿಂದ ಬಾಯಿಪಾಠ ಹೇಳಿಸಿದ ಹಾಗೆ ಹೇಳಿಸಿದೆ. ಬಾಗಿದ ತೊಲೆಗಳು ಮಾತ್ರ ನೆಟ್ಟಗಾಗಲಿಲ್ಲ, ಅಷ್ಟು ವರ್ಷ ಹೊತ್ತ ಮರ ಹಾಗೇ ಇರುತ್ತದೆ. ಹಾಗೇ ಇದ್ದರೂ ಗಟ್ಟಿಯಾಗಿವೆ.

ಹೋದ ತಿಂಗಳು ಬಟ್ಟೆ ಒಣಹಾಕುವ ಹಗ್ಗ ಬೇಕೆಂದು ಕಲ್ಯಾಣಕ್ಕೆ ಹೋಗಿದ್ದೆ. ಹಗ್ಗ ನಾನೀಗ ಇರುವ ಹುಮನಾಬಾದಿನಲ್ಲೂ ಸಿಗುತ್ತದೆ, ಅದು ಬೇರೆ ಮಾತು. ಗಫಾರ ಸಾಬರ ಗಡ್ಡ ಪೂರ್ತಿ ಬೆಳ್ಳಗಾಗಿದೆ. ಹಗ್ಗದ ಸುರುಳಿ ಎತ್ತಿ ತೋರಿಸುವಾಗ ಅದರ ಹಿಂದೆ ಗೋಡೆಗೆ ಒರಗಿಸಿಟ್ಟ ಬಾಯಿ ಹೊಲಿದ ಆ ಎರಡು ಚೀಲ ಕಂಡವು. ಪಕ್ಕದ ಅಂಗಡಿಯಲ್ಲಿ ನೀಲಮ್ಮ ಯಾರೋ ಗಿರಾಕಿಗೆ, "ಶೇಂಗಾ ಬಾಯಾಗ ಹಾಕ್ಕೋತ ಭಾವ ಕೇಳಬ್ಯಾಡ!" ಎಂದು ಬೈಯುತ್ತಿರುವುದು ಕೇಳುತ್ತಿತ್ತು.

"ಇನ್ನೂ ಇಟ್ಟೀರಲ್ಲ" ಎಂದೆ.

ಅವರು ಆ ಬೈಗುಳಕ್ಕೆ ಕಿವಿಗೊಟ್ಟರು. ಆಮೇಲೆ ಹಗ್ಗವನ್ನು ಚೀಲಗಳ ಮುಂದೆ ಮೊದಲಿನ ಹಾಗೇ ಸರಿಸಿಟ್ಟರು.

"ಮಾತು ಕೊಟ್ಟೀನ್ರಿ, ಇಡಲೇಬೇಕು. ಆದರ ದಿನಾ ದುಕಾನ ತಗದ ಕೂಡ್ಲೇ ಒಂದೇ ದುವಾ ಮಾಡ್ತೀನಿ ಮೇಡಂ. ಆ ಚೀಲ ಬಿಚ್ಚೂ ದಿನಾ ಅಲ್ಲಾ ನನಗ ತೋರಸಬಾರದು."